ಬೆಸುಗೆಯ ಮೊನೆ

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮನೆ. ಅಡಿಗೆಯ ಕೋಣೆಯ ಕಿಟಕಿಯ ಮೇಲೆ ಸುಮಾರು ನಲವತ್ತು ವರ್ಷಗಳಿಂದ ಒಂದು ಟ್ರಾನ್ಸಿಸ್ಟರ್ ರೇಡಿಯೋ ಕುಳಿತಿದೆ. ಅದನ್ನು ಕೇಳುತ್ತಿದ್ದ ಗೃಹಿಣಿ ತೀರಿಕೊಂಡು ಕೆಲವು ವರ್ಷಗಳಾದುವು. ಆದರೂ ಬೆಳಗ್ಗೆ ಕಾಫಿಗೆ ನೀರಿಡುವ ಮುನ್ನ ಅದರ ಗುಂಡಿಯನ್ನು ತಿರುಗಿಸುವ ಪದ್ಧತಿಯನ್ನು ಅವರ ಪತಿ, ನಿವೃತ್ತ ಗುಮಾಸ್ತರು, ಒಂದು ದಿನವೂ ತಪ್ಪಿಸಿದವರಲ್ಲ. ಒಂದು ಬೆಳಗ್ಗೆ ರೇಡಿಯೋ ಮಾತನಾಡಲಿಲ್ಲ. ಹೊಸ ಸೆಲ್ಲುಗಳನ್ನು ಹಾಕಿದರು, ಆಗಲೂ ಇಲ್ಲ. ಹಿಂಬದಿಯ ಮುಚ್ಚಳವನ್ನು ಬಿಚ್ಚಿ ನೋಡಿದರೆ ಸೆಲ್ಲಿನ ಗೂಡಿನಿಂದ ಹೊರಟ ಕೆಂಪು ತಂತಿಯೊಂದು ತನ್ನ ನೆಲೆಯಿಂದ ಕಿತ್ತು ಬಂದು ಅಂಗುಲದಷ್ಟು ದೂರದಲ್ಲಿ ಬಿದ್ದಿತ್ತು. ದೋಷ ಇಷ್ಟೆ.

“ಇಷ್ಟಕ್ಕೆ ರಿಪೇರಿ ಅಂಗಡಿ ಯಾಕೆ ತಾತ? ನಾನೇ ಬೆಸೆದು ಕೊಡ್ತೀನಿ” ಎಂದಳು ಮೊಮ್ಮಗಳು. ಪಾಲಿಟೆಕ್ನಿಕ್ಕಿನಲ್ಲಿ ಮೊದಲನೆಯ ವರ್ಷದ ವಿದ್ಯಾರ್ಥಿನಿ, ಉತ್ಸಾಹಕ್ಕೆ ಕೊರತೆಯಿಲ್ಲ. ಬೀದಿಯ ಕೊನೆಯ ಹಾರ್ಡ್‌ವೇರ್ ಅಂಗಡಿಯಿಂದ ಅರವತ್ತು ವ್ಯಾಟಿನ ದಪ್ಪನೆಯ ಸಾಲ್ಡರಿಂಗ್ ಐರನ್ ಒಂದು ಮನೆಗೆ ಬಂತು. ಕಾಲು ಗಂಟೆ ಕಾಯಿಸಿದರು. ಮೊನೆ ಕರ್ರಗಾಯಿತು. ಬೆಸುಗೆಯ ತಂತಿಯನ್ನು ಮುಟ್ಟಿಸಿದರೆ ಅದು ಕರಗಿ ಮಣಿಯಂತೆ ಉರುಳಿ ಮೇಜಿನ ಮೇಲೆ ಬಿತ್ತೇ ಹೊರತು ಅಂಟಲಿಲ್ಲ. ಹುಡುಗಿ ಇನ್ನಷ್ಟು ಒತ್ತಿ ಹಿಡಿದಳು, ಅರ್ಧ ನಿಮಿಷದವರೆಗೆ. ಹೊಗೆ ಬಂತು, ಸುಟ್ಟ ವಾಸನೆ ಬಂತು, ಕೊನೆಗೆ ಕೈಯೆತ್ತಿದಾಗ ಹಲಗೆಯ ಮೇಲಿನ ತಾಮ್ರದ ತೆಳು ಪಟ್ಟಿ ಮೊನೆಯ ಜತೆಯಲ್ಲಿಯೇ ಎದ್ದು ಬಂತು.

ತಾತ ಗದರಲಿಲ್ಲ. “ಹೋಗಲಿ ಬಿಡು ಮಗು” ಎಂದು ರೇಡಿಯೋವನ್ನು ಎತ್ತಿಕೊಂಡು ಹೋಗಿ ಕಿಟಕಿಯ ಮೇಲೆ ಮೊದಲಿನಂತೆಯೇ ಇಟ್ಟರು. ಗದರಿದ್ದರೆ ಆ ಹುಡುಗಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಮರುದಿನ ಕಾಲೇಜಿನ ಕಾರ್ಯಾಗಾರದಲ್ಲಿ ವಯಸ್ಸಾದ ಮೇಷ್ಟ್ರೊಬ್ಬರ ಮುಂದೆ ನಡೆದುದನ್ನೆಲ್ಲ ಹೇಳಿಕೊಂಡಳು. ತನ್ನ ಕೈಗೆ ಈ ವಿದ್ಯೆ ಒಲಿಯದೆಂದೂ ಸೇರಿಸಿದಳು. ಮೇಷ್ಟ್ರು ಕೇಳಿದ ಪ್ರಶ್ನೆ ವಿಚಿತ್ರವಾಗಿತ್ತು. “ನಿಮ್ಮ ಮನೇಲಿ ದೋಸೆ ಯಾರಮ್ಮ ಹುಯ್ಯೋದು?”

“ಅಮ್ಮ, ಸಾರ್.”

“ಹಾಗಾದರೆ ಅಮ್ಮನನ್ನೇ ಕೇಳು. ಕಾವಲಿಯನ್ನು ಆರಿಸಬಲ್ಲವರಿಗೆ ಸಾಲ್ಡರಿಂಗ್ ಐರನ್ ಆರಿಸುವುದು ಕಷ್ಟವಲ್ಲ.”

ಮಾತು ಹಾಸ್ಯದಂತೆ ತೋರಿದರೂ ವಿಷಯದ ತಿರುಳು ಅದರಲ್ಲಿದೆ. ಕಾವಲಿಯನ್ನು ಬರಿದೆ ಒಲೆಯ ಮೇಲೆ ಬಿಟ್ಟರೆ ಅದು ಮಿತಿಮೀರಿ ಕಾಯುತ್ತದೆ. ಮೊದಲನೆಯ ದೋಸೆ ಹೊತ್ತಿಹೋಗುತ್ತದೆ. ತೆಳುವಾದ ಅಲ್ಯೂಮಿನಿಯಮ್ ಕಾವಲಿಯ ಮೇಲೆ ಹಿಟ್ಟು ಹುಯ್ದೊಡನೆ ಅದರ ಕಾವೆಲ್ಲ ಇಳಿದು ದೋಸೆ ಅಂಟಿಕೊಳ್ಳುತ್ತದೆ. ದಪ್ಪನೆಯ ಬೀಡಿನ ಕಾವಲಿಯಾದರೋ ಹಿಟ್ಟು ಬಿದ್ದರೂ ತನ್ನ ಕಾವನ್ನು ಬಿಟ್ಟುಕೊಡುವುದಿಲ್ಲ. ಜಾಣ ಗೃಹಿಣಿಯರು ಉರಿಯನ್ನು ನೋಡಿ ತೃಪ್ತರಾಗುವುದಿಲ್ಲ; ನೀರು ಚಿಮುಕಿಸಿ ಕಾವಲಿಯ ಮೈಯನ್ನೇ ಪರೀಕ್ಷಿಸುತ್ತಾರೆ. ಸಾಲ್ಡರಿಂಗ್ ಐರನ್ ಕೊಳ್ಳುವವರಲ್ಲಿ ಬಹುಮಂದಿ ನೋಡುವುದು ಉರಿಯನ್ನು ಮಾತ್ರ, ಎಂದರೆ ಪೆಟ್ಟಿಗೆಯ ಮೇಲೆ ಮುದ್ರಿತವಾದ ವ್ಯಾಟನ್ನು. ಅರವತ್ತು ವ್ಯಾಟು ಸುಟ್ಟಿತು, ಆದ್ದರಿಂದ ಇಪ್ಪತ್ತೈದು ಸೌಮ್ಯವಾದೀತು ಎಂಬುದು ಅವರ ತರ್ಕ. ಇದು ಅರ್ಧ ಸತ್ಯ. ಅರ್ಧ ಸತ್ಯಗಳು ರಿಪೇರಿಯಲ್ಲಿ ಬಹಳ ದುಬಾರಿ.

ವ್ಯಾಟು ಎಂಬುದು ಕಾವಿನ ಅಳತೆಯಲ್ಲ. ಅದು ಕಾವು ಒದಗಿಬರುವ ವೇಗದ ಅಳತೆ. ನಿಯಂತ್ರಣವಿಲ್ಲದ ಸಾಮಾನ್ಯ ಉಪಕರಣದೊಳಗೆ ನಿಕ್ರೋಮ್ ತಂತಿಯ ಸುರುಳಿಯೊಂದಿರುತ್ತದೆ. ವಿದ್ಯುತ್ತು ಹರಿಯುವವರೆಗೂ ಅದು ಕಾಯುತ್ತಲೇ ಇರುತ್ತದೆ; ಗಾಳಿಗೆ ನಷ್ಟವಾಗುವ ಕಾವೂ ಒಳಗೆ ಹುಟ್ಟುವ ಕಾವೂ ಸಮನಾದಾಗ ಮಾತ್ರ ಏರಿಕೆ ನಿಲ್ಲುತ್ತದೆ. ಸುಮ್ಮನೆ ಸ್ಟ್ಯಾಂಡಿನ ಮೇಲೆ ಕುಳಿತಿರುವ ಇಂಥ ಉಪಕರಣದ ಮೊನೆ 400 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಇಪ್ಪತ್ತೈದು ವ್ಯಾಟಿನದಾದರೆ, ಸ್ವಲ್ಪ ದಪ್ಪನಾದ ತಂತಿಗೆ ತಾಗಿದ ಕೂಡಲೆ ಅಷ್ಟೆತ್ತರದಿಂದ ಇಳಿದುಹೋಗುತ್ತದೆ, ಬೇಗ ಚೇತರಿಸಿಕೊಳ್ಳಲಾರದು. ಕೆಲಸವಿಲ್ಲದಾಗ ಅತಿಯಾದ ಕಾವು. ಕೆಲಸಕ್ಕೆ ನಿಂತಾಗ ಕಾವಿನ ಅಭಾವ. ಕೆಲವು ಮನುಷ್ಯರ ಸ್ವಭಾವವೂ ಹೀಗೆಯೇ, ಆ ಮಾತು ಇಲ್ಲಿ ಬೇಡ.

ನಮ್ಮ ಊರುಗಳ ವಿದ್ಯುತ್ತಿನ ಏರಿಳಿತವೂ ಇದಕ್ಕೆ ಸೇರುತ್ತದೆ. 230 ವೋಲ್ಟಿಗೆಂದು ಮಾಡಿದ 25 ವ್ಯಾಟಿನ ಸಾಧನಕ್ಕೆ ಸಾಯಂಕಾಲದ ಹೊತ್ತಿನಲ್ಲಿ 180 ವೋಲ್ಟು ಮಾತ್ರ ಬಂದಿತೆನ್ನೋಣ. ಶಕ್ತಿಯು ವೋಲ್ಟಿನ ವರ್ಗವನ್ನು ಅನುಸರಿಸಿ ಕುಗ್ಗುವುದರಿಂದ ಅದು ಕೇವಲ 15 ವ್ಯಾಟಿನ ಸಾಧನವಾಗಿಬಿಡುತ್ತದೆ. ಬೆಳಗ್ಗೆ ಚೆನ್ನಾಗಿ ಬೆಸೆದದ್ದು ಸಂಜೆ ಬೆಸೆಯಲೊಲ್ಲದೆಂದು ದೂರುವವರು ತಮ್ಮ ಕೈಯನ್ನು ಹಳಿದುಕೊಳ್ಳಬೇಕಾಗಿಲ್ಲ.

ಇನ್ನು ಬೆಸುಗೆಯ ಸ್ಥಳದಲ್ಲಿ ನಡೆಯುವುದೇನು? ನೂರಕ್ಕೆ 63 ಪಾಲು ತವರ, 37 ಪಾಲು ಸೀಸ ಸೇರಿದ ಮಿಶ್ರಲೋಹ ಸರಿಯಾಗಿ 183 ಡಿಗ್ರಿಯಲ್ಲಿ ಒಮ್ಮೆಗೇ ಕರಗುತ್ತದೆ, ಒಮ್ಮೆಗೇ ಗಟ್ಟಿಯಾಗುತ್ತದೆ. ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವ 60–40ರ ಮಿಶ್ರಣ ಇದಕ್ಕೆ ಹತ್ತಿರದ ಬಂಧು. ಆದರೆ ಅದು ಕರಗುವಾಗಲೂ ಆರುವಾಗಲೂ ಕೆಲವು ಡಿಗ್ರಿಗಳ ಕಾಲ ಗಂಜಿಯಂತಿರುತ್ತದೆ. ಆ ಕ್ಷಣದಲ್ಲಿ ತಂತಿ ಅಲುಗಿದರೆ ಬೆಸುಗೆ ಹೊಳಪುಗೆಟ್ಟು ಒಳಗೊಳಗೇ ಬಿರುಕು ಬಿಡುತ್ತದೆ. ಹೊಸಬರು 63–37ನ್ನೇ ಕೇಳಿ ಕೊಳ್ಳುವುದು ಲೇಸು. ಮೊನೆಯನ್ನು ತಂತಿಗೂ ತಾಮ್ರದ ಪಟ್ಟಿಗೂ ಏಕಕಾಲದಲ್ಲಿ ತಾಗಿಸಿ ಅವೆರಡೂ ಕಾದ ಮೇಲೆ ಬೆಸುಗೆಯ ತಂತಿಯನ್ನು ಅವುಗಳಿಗೆ ಉಣಿಸಬೇಕು. ಎಲ್ಲವೂ ಸರಿಯಾಗಿದ್ದರೆ ಇದು ಎರಡು ಮೂರು ಸೆಕೆಂಡುಗಳ ಕೆಲಸ. ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬೇಕಾಗಿ ಬಂದರೆ ಏನೋ ತಪ್ಪಿದೆಯೆಂದೇ ಅರ್ಥ. ಆಗ ಮಾಡಬೇಕಾದುದು ಇನ್ನಷ್ಟು ಒತ್ತುವುದಲ್ಲ, ಕೈ ತೆಗೆಯುವುದು.

ಹಳೆಯ ರೇಡಿಯೋಗಳಲ್ಲಿ ಈ ಎಚ್ಚರ ಇಮ್ಮಡಿಯಾಗಿ ಬೇಕು. ಅವುಗಳ ಕಂದುಬಣ್ಣದ ಹಲಗೆ ಕಾಗದದ ಪದರಗಳಿಗೆ ಫಿನಾಲಿಕ್ ಅಂಟನ್ನು ಕುಡಿಸಿ ಒತ್ತಿ ಮಾಡಿದುದು. ಅದರ ಮೇಲೆ ಅಂಟಿಸಿದ ತಾಮ್ರದ ಹಾಳೆ ಸಾಮಾನ್ಯವಾಗಿ 35 ಮೈಕ್ರಾನಿನಷ್ಟು ತೆಳುವು. ಕಾವು ಹೆಚ್ಚು ಹೊತ್ತು ನಿಂತರೆ ಅಂಟು ಸೋತು ಹಾಳೆ ಏಳುತ್ತದೆ. ಈಚಿನ ಗಾಜಿನೆಳೆಯ ಹಲಗೆಗಳು ಇದಕ್ಕಿಂತ ಸಹಿಷ್ಣುಗಳು.

ಹಾಗಾದರೆ ಬೇಕಾದುದು ತನ್ನ ಕಾವನ್ನು ತಾನೇ ಅರಿತು ನಿಲ್ಲಿಸಿಕೊಳ್ಳುವ ಮೊನೆ. ಇದನ್ನು ಸಾಧಿಸಿದ ಹಳೆಯ ಉಪಾಯವೊಂದು ಬಹಳ ಸೊಗಸಾದುದು. ಕಬ್ಬಿಣದಂಥ ಲೋಹಗಳು ಒಂದು ನಿಯತವಾದ ಕಾವನ್ನು ಮುಟ್ಟಿದೊಡನೆ ಅಯಸ್ಕಾಂತದ ಸೆಳೆತಕ್ಕೆ ಓಗೊಡುವುದನ್ನು ನಿಲ್ಲಿಸುತ್ತವೆ. ಫ್ರಾನ್ಸಿನ ಪಿಯರ್ ಕ್ಯೂರಿ 1895ರಲ್ಲಿ ಇದರ ಅಧ್ಯಯನವನ್ನು ಪ್ರಕಟಿಸಿದುದರಿಂದ ಆ ಕಾವಿಗೆ ಕ್ಯೂರಿ ಬಿಂದುವೆಂದು ಹೆಸರು. ಅಮೆರಿಕದ ವೆಲ್ಲರ್ ಕಂಪನಿ ಈ ಗುಣವನ್ನೇ ಕಾವಲುಗಾರನನ್ನಾಗಿ ಮಾಡಿಕೊಂಡಿತು. ಮೊನೆಯ ಹಿಂದುಗಡೆ ಅಂಥ ಲೋಹದ ಒಂದು ಸಣ್ಣ ಬಿಲ್ಲೆ. ಹಿಡಿಯೊಳಗೆ ಒಂದು ಅಯಸ್ಕಾಂತ. ಮೊನೆ ತಣ್ಣಗಿರುವಾಗ ಅಯಸ್ಕಾಂತವು ಬಿಲ್ಲೆಯತ್ತ ಸರಿದು ಸ್ವಿಚ್ಚನ್ನು ಹಾಕುತ್ತದೆ. ಕಾದಾಗ ಬಿಲ್ಲೆ ಸೆಳೆತವನ್ನು ಮರೆಯುತ್ತದೆ, ಸ್ವಿಚ್ಚು ಆರುತ್ತದೆ. ಮೊನೆಯ ಮೇಲೆ 6, 7, 8 ಎಂದು ಕೆತ್ತಿದ ಅಂಕೆಗಳು ನೂರು ಫ್ಯಾರನ್‌ಹೀಟುಗಳ ಲೆಕ್ಕ. 7 ಎಂದರೆ 700, ಎಂದರೆ ಸುಮಾರು 370 ಸೆಂಟಿಗ್ರೇಡ್. ಕಾವನ್ನು ಬದಲಿಸಬೇಕಾದರೆ ಮೊನೆಯನ್ನೇ ಬದಲಿಸಬೇಕು. ಇಂದಿನ ಉಪಕರಣಗಳಲ್ಲಿ ಮೊನೆಯ ಹತ್ತಿರವೇ ಕಾವನ್ನು ಅಳೆಯುವ ಸಣ್ಣ ಅಂಗವೊಂದಿದ್ದು, ಅಳತೆಗೆ ತಕ್ಕಂತೆ ವಿದ್ಯುತ್ತನ್ನು ಕೊಡುತ್ತಲೂ ತಡೆಯುತ್ತಲೂ ಇರುತ್ತದೆ. ಉತ್ತಮವಾದವುಗಳಲ್ಲಿ ಕಾಯಿಸುವ ಸುರುಳಿ, ಅಳೆಯುವ ಅಂಗ, ಮೊನೆ ಮೂರೂ ಒಂದೇ ಕೊಳವೆಯಲ್ಲಿ ಅಡಕವಾಗಿರುತ್ತವೆ. ಇವು ಕೆಲವೇ ಸೆಕೆಂಡುಗಳಲ್ಲಿ ಕೆಲಸಕ್ಕೆ ಸಿದ್ಧ.

ಇಂಥ ಉಪಕರಣದಲ್ಲಿ ವ್ಯಾಟು ಹೆಚ್ಚಿರುವುದು ಅಪಾಯವಲ್ಲ, ಗುಣ. ಮೊನೆ 320 ಡಿಗ್ರಿಗೆ ನಿಲ್ಲಬೇಕೆಂದು ಹೇಳಿದರೆ ಅದು ಅಲ್ಲಿಯೇ ನಿಲ್ಲುತ್ತದೆ. ಅರವತ್ತು ವ್ಯಾಟಿನ ಬಲವೆಲ್ಲ ದಪ್ಪ ತಂತಿ ತಾಗಿದಾಗ ಇಳಿದ ಕಾವನ್ನು ತುಂಬಿಕೊಡುವುದಕ್ಕೆ ಮೀಸಲು. ಮನೆಯ ಸಣ್ಣಪುಟ್ಟ ರಿಪೇರಿಗೆ 50ರಿಂದ 70 ವ್ಯಾಟಿನ, ಕಾವಿನ ನಿಯಂತ್ರಣವುಳ್ಳ ಒಂದು ಸಾಧನವಿದ್ದರೆ ಸಾಕು. ಆದರೆ ಹಿಡಿಯ ಮೇಲೆ ತಿರುಗಿಸುವ ಬಿಲ್ಲೆಯಿದ್ದ ಮಾತ್ರಕ್ಕೆ ನಿಯಂತ್ರಣವಿದೆಯೆಂದು ನಂಬಬಾರದು. ಅಗ್ಗದ ಕೆಲವು ಸಾಧನಗಳಲ್ಲಿ ಆ ಬಿಲ್ಲೆ ಫ್ಯಾನಿನ ರೆಗ್ಯುಲೇಟರಿನಂತೆ ವಿದ್ಯುತ್ತನ್ನು ತಗ್ಗಿಸುತ್ತದೆಯಷ್ಟೆ. ಮೊನೆಯ ಕಾವೆಷ್ಟೆಂದು ಅದಕ್ಕೆ ಗೊತ್ತೇ ಇಲ್ಲ. ಬಿಲ್ಲೆಯ ಸುತ್ತ ಮುದ್ರಿಸಿದ ಡಿಗ್ರಿಗಳು ಬರಿಯ ಅಲಂಕಾರ.

ಮೊನೆಯ ಆಕಾರದಲ್ಲಿಯೂ ಕಣ್ಣು ಮೋಸಹೋಗುತ್ತದೆ. ಸಣ್ಣ ಕೆಲಸಕ್ಕೆ ಸೂಜಿಯಂಥ ಮೊನೆಯೇ ತಕ್ಕುದೆಂದು ಎಲ್ಲರಿಗೂ ತೋರುತ್ತದೆ. ಸೂಜಿಯ ತುದಿಯೆಂದರೆ ತೆಳು ಕಾವಲಿ. ಅದರಲ್ಲಿ ಕಾವು ನಿಲ್ಲುವುದಕ್ಕೆ ಜಾಗವಿಲ್ಲ, ತಾಗುವ ಮೈಯೂ ಕಿರಿದು. ಎರಡರಿಂದ ಎರಡೂವರೆ ಮಿಲಿಮೀಟರ್ ಅಗಲದ ಉಳಿಯ ಬಾಯಿಯಂಥ ಮೊನೆ ಹತ್ತರಲ್ಲಿ ಒಂಬತ್ತು ಕೆಲಸಗಳನ್ನು ಬೇಗನೆ, ಆದ್ದರಿಂದಲೇ ಹಲಗೆಗೆ ಹಿಂಸೆಯಿಲ್ಲದೆ, ಮಾಡಿಕೊಡುತ್ತದೆ.

ಅದರ ಮೈಯನ್ನು ಅರದಿಂದ ಉಜ್ಜುವುದು ಮಾತ್ರ ಮಹಾಪರಾಧ. ಹಿಂದಿನ ಕಾಲದ ಮೊನೆಗಳು ಶುದ್ಧ ತಾಮ್ರದವು. ಕರಗಿದ ತವರಕ್ಕೆ ತಾಮ್ರವನ್ನು ತಿನ್ನುವ ಚಾಳಿಯಿರುವುದರಿಂದ ಅವು ಬಲುಬೇಗ ಗುಳಿಬೀಳುತ್ತಿದ್ದುವು. ಅರ ಹಾಕಿ ಮತ್ತೆ ಚೂಪು ಮಾಡಬೇಕಾಗುತ್ತಿತ್ತು. ಇಂಗ್ಲೆಂಡಿನ ಮಲ್ಟಿಕೋರ್ ಕಂಪನಿ ಬೆಸುಗೆಯ ತಂತಿಗೇ ಸ್ವಲ್ಪ ತಾಮ್ರವನ್ನು ಬೆರೆಸಿ, ತವರದ ಹಸಿವನ್ನು ಮೊದಲೇ ತಣಿಸಿ, ಆ ತಂತಿಗೆ ಸೇವ್‌ಬಿಟ್ ಎಂದು ಹೆಸರಿಟ್ಟು ಮಾರಿತು. ಈಗಿನ ಮೊನೆಗಳ ತಾಮ್ರಕ್ಕೆ ಕಬ್ಬಿಣದ ತೆಳು ಕವಚವಿರುತ್ತದೆ. ಅರದ ನಾಲ್ಕು ಎಳೆತಕ್ಕೆ ಆ ಕವಚ ಹರಿದುಹೋದರೆ ಮೊನೆಯ ಆಯುಸ್ಸು ಮುಗಿಯಿತು.

ಮೊನೆಯನ್ನು ಕಾಪಾಡುವ ಕ್ರಮ ನಮ್ಮ ಮನೆಗಳಿಗೆ ಹೊಸದೇನಲ್ಲ. ಬೀದಿಯಲ್ಲಿ ತಿದಿಯೂಡಿ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರನ್ನು ಹಿರಿಯರೆಲ್ಲ ಕಂಡಿದ್ದಾರೆ. ಪಾತ್ರೆ ಕಾದೊಡನೆ ನವಸಾಗರವನ್ನು ಎರಚುತ್ತಿದ್ದರು. ಬೆಳ್ಳನೆಯ ಹೊಗೆಯೊಡನೆ ಲೋಹದ ಕಿಲುಬು ಹಾರಿಹೋಗುತ್ತಿತ್ತು. ತವರದ ಕಡ್ಡಿಯನ್ನು ಸೋಕಿಸಿ ಹತ್ತಿಯಿಂದ ಒರಸಿದರೆ ಬೆಳ್ಳಿಯಂಥ ಹೊಳಪು. ಅಕ್ಕಸಾಲಿಗನ ಬಿಳಿಗಾರ ಮಾಡುವ ಕೆಲಸವೂ ಇದೇ, ರೇಡಿಯೋ ರಿಪೇರಿಯವನ ರಾಳ ಮಾಡುವ ಕೆಲಸವೂ ಇದೇ. ಮೊನೆ ಕಾದ ಕೂಡಲೆ ಅದಕ್ಕೆ ರಾಳ ತುಂಬಿದ ಬೆಸುಗೆಯ ತಂತಿಯನ್ನು ಉಣಿಸಿ ಕಲಾಯಿ ಮಾಡಬೇಕು. ಕೆಲಸ ಮುಗಿದ ಮೇಲೆಯೂ ಬೆಸುಗೆಯ ಹೊದಿಕೆಯನ್ನು ಬಿಟ್ಟೇ ಆರಿಸಬೇಕು. ಬರಿಮೈಯಲ್ಲಿ ಬಿಟ್ಟ ಮೊನೆಗೆ ಕಪ್ಪು ಕಿಲುಬು ಕಟ್ಟುತ್ತದೆ. ಆ ಕಿಲುಬು ಕಾವನ್ನು ಹೊರಕ್ಕೆ ಬಿಡದು. ಹುಡುಗಿ ಅರ್ಧ ನಿಮಿಷ ಒತ್ತಿದರೂ ಬೆಸುಗೆ ಅಂಟದೆ ಹೋದುದರ ರಹಸ್ಯವೂ ಇದೇ ಆಗಿತ್ತು. ಅಂದ ಮಾತ್ರಕ್ಕೆ ನವಸಾಗರವನ್ನು ಇಲ್ಲಿ ಬಳಸಲಾಗದು. ನಿತ್ಯವೂ ಬಳಸಿದರೆ ಅದು ಕಬ್ಬಿಣದ ಕವಚವನ್ನೇ ಕೊರೆಯುತ್ತದೆ, ಹಲಗೆಯ ಮೇಲೆ ಉಳಿದರೆ ತಾಮ್ರವನ್ನೂ ಬಿಡದು. ಕೊಳಾಯಿ ಕೆಲಸದವರ ಆಮ್ಲಯುಕ್ತ ಪೇಸ್ಟೂ ಅಷ್ಟೆ. ಮೊನೆಯನ್ನು ಒರಸುವುದಕ್ಕೆ ನೀರು ಹಿಂಡಿದ ಸ್ಪಂಜು ಆಗಬಹುದು. ಹಿತ್ತಾಳೆಯ ನಾರಿನ ಉಂಡೆ ಇನ್ನೂ ಮೇಲು, ಅದು ಮೊನೆಯನ್ನು ತಣಿಸುವುದಿಲ್ಲ.

ಮಕ್ಕಳಿರುವ ಮನೆಗಳವರು ಎರಡು ಮಾತುಗಳನ್ನು ಗಮನಿಸಬೇಕು. ಬೆಸೆಯುವಾಗ ಏಳುವ ಹೊಗೆ ಸೀಸದ್ದೆಂದು ಅನೇಕರು ಹೆದರುತ್ತಾರೆ. ಸೀಸ ಕುದಿಯುವುದು 1,749 ಡಿಗ್ರಿಯಲ್ಲಿ. ಮೊನೆಯ ಕಾವು ಅದರ ಹತ್ತಿರಕ್ಕೂ ಹೋಗದು. ಹೊಗೆ ರಾಳದ್ದು. ಆದರೆ ಅದೂ ನಿರಪಾಯಿಯಲ್ಲ. ನಿತ್ಯವೂ ಸೇವಿಸಿದರೆ ಉಬ್ಬಸ ತರಬಲ್ಲದು. ಕಿಟಕಿ ತೆರೆದಿರಬೇಕು, ಮುಖ ಹೊಗೆಯ ನೇರಕ್ಕಿರಬಾರದು. ಸೀಸದ ಭಯವಿರುವುದು ಕೈಬೆರಳುಗಳಲ್ಲಿ. ಬೆಸೆದ ಕೈಯನ್ನು ತೊಳೆಯದೆ ಚಕ್ಕುಲಿ ತಿನ್ನುವುದು, ಊಟದ ಮೇಜಿನ ಮೇಲೆಯೇ ಈ ಕೆಲಸಕ್ಕೆ ಕೂರುವುದು ಸರ್ವಥಾ ಕೂಡದು. ಸೀಸವಿಲ್ಲದ ಬೆಸುಗೆಯೂ ದೊರೆಯುತ್ತದೆ. ಯೂರೋಪಿನಲ್ಲಿ 2006ರ ಜುಲೈ 1ರಿಂದ ಹೊಸ ವಿದ್ಯುನ್ಮಾನ ಸಾಮಗ್ರಿಗಳಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸೀಸಕ್ಕೆ ನಿರ್ಬಂಧ ಬಂತು. ಭಾರತದ 2011ರ ಇ-ತ್ಯಾಜ್ಯ ನಿಯಮಗಳೂ ಅದೇ ಹಾದಿ ಹಿಡಿದುವು. ತವರ, ಬೆಳ್ಳಿ, ತಾಮ್ರ ಸೇರಿದ ಆ ಮಿಶ್ರಲೋಹ ಕರಗುವುದು 217 ಡಿಗ್ರಿಯಿಂದ ಮೇಲೆ. ಈಚಿನ ಯಂತ್ರಗಳನ್ನು ಬಿಚ್ಚಿದವರಿಗೆ ಬೆಸುಗೆ ಹಟಮಾರಿಯೆನ್ನಿಸುವುದು ಇದರಿಂದಲೇ. ಮೊನೆಯನ್ನು 350 ಡಿಗ್ರಿಯ ಆಚೀಚೆ ಇಡಬೇಕಾಗುತ್ತದೆ.

ಕೊಳ್ಳುವಾಗ ಎಲ್ಲಕ್ಕಿಂತ ಕಡೆಗಣಿಸಲ್ಪಡುವುದು ವಯರು. ಪ್ಲಾಸ್ಟಿಕ್ಕಿನ ವಯರಿಗೆ ಕಾದ ಮೊನೆ ತಾಗಿದರೆ ಹೊದಿಕೆ ಕರಗಿ 230 ವೋಲ್ಟಿನ ತಂತಿ ಬತ್ತಲಾಗುತ್ತದೆ. ಸಿಲಿಕೋನಿನ ಮೆತ್ತನೆಯ ವಯರು ಹಾಗೆ ಕರಗದು. ಮೂರು ಮುಳ್ಳಿನ ಪ್ಲಗ್ಗಿದ್ದು ಮೊನೆಗೆ ಭೂಸಂಪರ್ಕವಿರಬೇಕು. ಇಲ್ಲದಿದ್ದರೆ ಸೋರಿಬಂದ ವಿದ್ಯುತ್ತು ಸೂಕ್ಷ್ಮವಾದ ಬಿಡಿಭಾಗಗಳನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಈಗ ಪೆನ್ನಿನ ಗಾತ್ರದ, ಯು.ಎಸ್.ಬಿ.-ಸಿ ಚಾರ್ಜರಿನಿಂದ ನಡೆಯುವ ಸಾಧನಗಳು ಬಂದಿವೆ. ಕೈಗೆ ಹಗುರ, ಕಾವಿನ ನಿಯಂತ್ರಣವೂ ಉತ್ತಮ. ಮನೆಯವರಿಗೆ ಇವನ್ನು ಧಾರಾಳವಾಗಿ ಹೇಳಬಹುದು. ಆದರೆ ಸಾಕಷ್ಟು ಬಲವುಳ್ಳ ಚಾರ್ಜರ್ ಬೇಕು, ಫೋನಿನ ಸಣ್ಣ ಚಾರ್ಜರಿಗೆ ಅವು ಬಗ್ಗುವುದಿಲ್ಲ. ಇನ್ನು ಮೊಬೈಲ್ ಫೋನಿನ ಒಳಗನ್ನೇ ಬೆಸೆಯುವುದು ಭೂತಗನ್ನಡಿಯೂ ಬಿಸಿಗಾಳಿಯೂ ಬೇಕಾದ ಬೇರೆಯದೇ ವಿದ್ಯೆ. ಲಿಥಿಯಮ್ ಬ್ಯಾಟರಿಯ ಮೈಗೆ ಯಾವ ಮೊನೆಯನ್ನೂ ತಾಗಿಸಕೂಡದು.

ಶನಿವಾರ ತಾತನೂ ಮೊಮ್ಮಗಳೂ ಎಸ್.ಪಿ. ರಸ್ತೆಗೆ ಹೋದರು. ಅಂಗಡಿಯ ಹುಡುಗ ಮೊದಲು ಮುಂದಿಟ್ಟದ್ದು ಹತ್ತು ಸಾಮಾನುಗಳ ಬಣ್ಣದ ಪೆಟ್ಟಿಗೆ. ಐದು ಮೊನೆ, ಚಿಮಟ, ತಿರುಪುಳಿ, ಬೆಸುಗೆ ಹೀರುವ ಪಿಚಕಾರಿ. ತಾತನಿಗೆ ಅದು ಅಗ್ಗವೆನ್ನಿಸಿತು. ಹುಡುಗಿ ಮೇಷ್ಟ್ರು ಹೇಳಿಕೊಟ್ಟ ಪ್ರಶ್ನೆಯನ್ನು ಹಾಕಿದಳು: “ಇದಕ್ಕೆ ಮುಂದಿನ ವರ್ಷ ಬಿಡಿ ಬಿಟ್ ಸಿಗುತ್ತಾ?” ಹುಡುಗ ಉತ್ತರ ಕೊಡದೆ ಪೆಟ್ಟಿಗೆಯನ್ನು ಮುಚ್ಚಿ ಕಪಾಟಿನಿಂದ ಬೇರೊಂದನ್ನು ತೆಗೆದ. ನಿಯಂತ್ರಣವಿಲ್ಲದ ಸಾಧಾರಣ ಸಾಧನ ಕೆಲವು ನೂರು ರೂಪಾಯಿಗಳಿಗೆ ಸಿಗುವಾಗ ಇದಕ್ಕೆ ಸಾವಿರಗಳಲ್ಲಿ ಕೊಡಬೇಕಾಯಿತು. ತಾತ ಚೌಕಾಸಿ ಮಾಡಿದರು. ಅದು ಅವರ ಧರ್ಮ.

ಭಾನುವಾರ ಸಂಜೆ ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ರೇಡಿಯೋವನ್ನು ಬಿಚ್ಚಿಟ್ಟರು. ಎದ್ದುಹೋದ ತಾಮ್ರದ ಹಾಳೆಯನ್ನು ಮತ್ತೆ ಅಂಟಿಸುವಂತಿರಲಿಲ್ಲ. ಆ ದಾರಿ ಮುಂದೆ ಎಲ್ಲಿಗೆ ಹೋಗುತ್ತಿತ್ತೆಂದು ಹುಡುಗಿ ಬೆರಳಿಟ್ಟು ಹುಡುಕಿದಳು. ಅದು ಒಂದು ಕೆಪಾಸಿಟರಿನ ಕಾಲಿನವರೆಗೆ ಹೋಗಿ ನಿಂತಿತ್ತು. ಕೆಂಪು ತಂತಿಗೆ ಒಂದು ತುಂಡು ಸೇರಿಸಿ ಉದ್ದ ಮಾಡಿದಳು. ತುದಿಗೆ ಕಲಾಯಿ ಮಾಡಿದಳು. ಮೊನೆ 320ಕ್ಕೆ ನಿಂತಿತು. ತಾತ ಟಾರ್ಚು ಹಿಡಿದಿದ್ದರು. ಕೈ ಸ್ವಲ್ಪ ನಡುಗುತ್ತಿದ್ದುದರಿಂದ ಬೆಳಕೂ ನಡುಗುತ್ತಿತ್ತು.

“ಒಂದು, ಎರಡು, ಮೂರು” ಎಂದು ಹುಡುಗಿ ಬಾಯಲ್ಲೇ ಎಣಿಸಿ ಕೈ ತೆಗೆದಳು. ಹೊಳೆಯುವ ಸಣ್ಣ ಗುಡ್ಡದಂತೆ ಬೆಸುಗೆ ಕುಳಿತಿತ್ತು. ಒಂದು ಚೂರೂ ಸುಟ್ಟಿರಲಿಲ್ಲ.

ಸೆಲ್ಲುಗಳನ್ನು ಹಾಕಿ ಗುಂಡಿಯನ್ನು ತಿರುಗಿಸಿದಾಗ ಮೊದಲು ಬಂದದ್ದು ಬರಿಯ ಗೊರಗೊರ ಸದ್ದು. ತಾತ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದರು. ಯಾವ ಜಾಗಕ್ಕೆಂಬುದು ಅವರ ಬೆರಳಿಗೆ ಗೊತ್ತಿತ್ತು. ಯಾರೋ ಹಾಡುತ್ತಿದ್ದರು. ಅವರು ಏನೂ ಹೇಳಲಿಲ್ಲ; ಒಳಗೆ ಹೋಗಿ ಕಾಫಿಗೆ ನೀರಿಟ್ಟರು. ಮಧ್ಯಾಹ್ನದ ಕಾಫಿ ಆಗಿ ಇನ್ನೂ ಅರ್ಧ ಗಂಟೆಯೂ ಕಳೆದಿರಲಿಲ್ಲ.